ಕಸದ ಬುಟ್ಟಿ ಖಾಲಿ ಮಾಡುವ ಮೊದಲು

ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಅಷ್ಟು ವರ್ಷವೂ ಒಳಗೆ ಕಾಲಿಟ್ಟವರ ಮೊದಲ ಪ್ರಶ್ನೆ ಬದಲಾಗಲಿಲ್ಲ: ರಿಪೇರಿ ಮಾಡೋರು ಎಲ್ಲಿ ಮೇಡಂ? ಮೊದಮೊದಲು ಸಿಟ್ಟು ನೆತ್ತಿಗೇರುತ್ತಿತ್ತು. ಆಮೇಲೆ, ಊಟಕ್ಕೆ ಹೋಗಿದ್ದಾರೆ, ಅವರು ಬರುವಷ್ಟರಲ್ಲಿ ನಾನು ಬಿಚ್ಚಿಟ್ಟಿರುತ್ತೇನೆ ಕೊಡಿ ಅನ್ನುವುದನ್ನು ಕಲಿತೆ. ಅರ್ಧ ಗಂಟೆಯಲ್ಲಿ ಮೆಷಿನ್ನು ಸರಿಹೋಗಿರುತ್ತಿತ್ತು. ಊಟಕ್ಕೆ ಹೋದವರು ಇವತ್ತಿಗೂ ಬಂದಿಲ್ಲ.

ಹೋದ ವರ್ಷ ಸಣ್ಣ ಸ್ಕ್ರೂಗಳು ಎರಡೆರಡಾಗಿ ಕಾಣತೊಡಗಿದ ಮೇಲೆ ಕೆಲಸ ಬಿಟ್ಟೆ. ನಮ್ಮೂರ ಐ.ಟಿ.ಐ.ನಲ್ಲಿ ಹಾರ್ಡ್‌ವೇರ್ ಕಲಿಸುವ ಮೇಡಂ ಒಬ್ಬರು, ನಮ್ಮ ಹೆಣ್ಣುಮಕ್ಕಳಿಗೆ ನಾಲ್ಕು ಮಾತು ಬರೆದುಕೊಡಿ ರತ್ನಮ್ಮ ಅಂದರು. ಬರೆಯುತ್ತಿದ್ದೇನೆ. ಎಷ್ಟು ಮೆಷಿನ್ನಿಗೆ ಜೀವ ಕೊಟ್ಟೆ ಅಂತ ಕೊಚ್ಚಿಕೊಳ್ಳುವುದು ಸುಲಭ. ಆದರೆ ನನ್ನ ಕೈಯಿಂದಲೇ ಒಬ್ಬ ಹೆಂಗಸಿನ ಎರಡು ವರ್ಷದ ಓದು ಮಣ್ಣುಪಾಲಾಗುವುದರಲ್ಲಿತ್ತು. ಅದನ್ನು ಮುಚ್ಚಿಟ್ಟು ಮಿಕ್ಕದ್ದನ್ನು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ.

ಮೊದಲು ನಮ್ಮ ಅಂಗಡಿ ಯಜಮಾನರ ವಿಷಯ. ಅಂಗಡಿ ಗುರುಸಿದ್ದಪ್ಪನವರದು. ಹಣೆ ತುಂಬ ವಿಭೂತಿ, ಕಿವಿಯ ಹಿಂದೆ ಟೆಸ್ಟರು. ಟೇಪ್ ರೆಕಾರ್ಡರ್, ಟೀವಿ ಬಿಚ್ಚಿ ಬಿಚ್ಚಿ ಕಂಪ್ಯೂಟರಿಗೆ ಬಂದವರು. ಅವರ ಮೇಜಿನ ಮೇಲೆ ಒಂದು ಹಳೆಯ ಇಡ್ಲಿ ತಟ್ಟೆ ಇರುತ್ತಿತ್ತು. ಲ್ಯಾಪ್‌ಟಾಪ್ ಬಿಚ್ಚುವಾಗ ಮೊದಲು ಬಂದ ಸ್ಕ್ರೂ ಮೊದಲ ಕುಳಿಗೆ, ಎರಡನೆಯದು ಎರಡನೆಯ ಕುಳಿಗೆ. ಮುಚ್ಚುವಾಗ ಹಿಂದಿನಿಂದ ಮುಂದಕ್ಕೆ ಬಂದರೆ ಆಯಿತು. ಮೊದಲ ವಾರ ನಾನು ಎಲ್ಲ ಸ್ಕ್ರೂಗಳನ್ನೂ ಒಂದೇ ಕುಳಿಗೆ ಹಾಕಿದ್ದಕ್ಕೆ, ಸಂಜೆ ಐದರವರೆಗೆ ಒಂದೊಂದನ್ನೂ ಅಳೆದು ಜೋಡಿಸಲು ಕೂರಿಸಿದರು. ಒಂದು ಬೈಗುಳವಿಲ್ಲ. ಮಧ್ಯೆ ಎರಡು ಸಲ ಟೀ ಕೂಡ ತರಿಸಿಕೊಟ್ಟರು.

ಆಗಿನ ನಮ್ಮ ದೊಡ್ಡ ಗಿರಾಕಿಗಳು ಅರಿಶಿನ ಮಂಡಿಯವರು. ಅವರ ಕಂಪ್ಯೂಟರಿನ ಡಬ್ಬ ತೆಗೆದರೆ ಒಳಗೆಲ್ಲ ಹಳದಿ. ಫ್ಯಾನಿನ ರೆಕ್ಕೆಯ ಮೇಲೆ ಬೆರಳು ದಪ್ಪ ಅರಿಶಿನದ ಧೂಳು ಕೂತಿರುತ್ತಿತ್ತು. ಜೊತೆಗೆ ಶುಕ್ರವಾರ ಶುಕ್ರವಾರ ಪೂಜೆ ಮಾಡಿ ಹಚ್ಚಿದ ಕುಂಕುಮ, ಅದೂ ಗಾಳಿ ಆಡುವ ತೂತುಗಳ ಮೇಲೇ. ಬ್ಲೋಯರ್ ಹಿಡಿದು ಬೀದಿಯಲ್ಲಿ ಊದಿದರೆ ನಾನೇ ಹಳದಿಯಾಗುತ್ತಿದ್ದೆ. ಎದುರುಮನೆ ಅಜ್ಜಿ ನನ್ನನ್ನು ನೋಡಿ, ಯಾವತ್ತು ಮದುವೆ ಅಂತ ತಿಂಗಳಿಗೊಂದು ಸಲ ಕೇಳುತ್ತಿದ್ದಳು. ನನಗಾಗಲೇ ಶಾಲೆಗೆ ಹೋಗುವ ಮಗಳಿದ್ದಳು. ಮಂಡಿಯ ಗುಮಾಸ್ತರೊಬ್ಬರು ಧೂಳನ್ನು ಪೂರ್ತಿ ತೆಗೀಬೇಡಿ ಮೇಡಂ, ಸ್ವಲ್ಪ ಇರಲಿ, ಲಕ್ಷ್ಮಿ ಅಂತ ಗಂಭೀರವಾಗಿ ಹೇಳಿದ್ದರು. ಅವರ ಮನಸ್ಸಿಗೆ ಯಾಕೆ ನೋವು ಮಾಡಲಿ, ಡಬ್ಬದ ಒಂದು ಮೂಲೆಯಲ್ಲಿ ಚಿಟಿಕೆಯಷ್ಟು ಬಿಟ್ಟೆ.

ಗುರುಸಿದ್ದಪ್ಪನವರು ಹಾರ್ಡ್ ಡಿಸ್ಕಿನ ಕಾಯಿಲೆಯನ್ನು ಕಿವಿಯಲ್ಲೇ ಹೇಳುತ್ತಿದ್ದರು. ಹಳೆಯ ಡಿಸ್ಕಿನೊಳಗೆ ತಟ್ಟೆ ಸುತ್ತುತ್ತದೆ, ಅದರ ಮೇಲೆ ಒಂದು ಮುಳ್ಳು ಓಡಾಡಿ ಓದುತ್ತದೆ. ಕಿವಿಗಿಟ್ಟುಕೊಂಡು, ಇದು ಇನ್ನೊಂದು ವರ್ಷ ಎಳೆಯುತ್ತೆ, ಇದು ಹದಿನೈದು ದಿನ ಅನ್ನುವರು. ಅದು ಹಾಗೇ ಆಗುತ್ತಿತ್ತು. ಹೀಗಾಗಿ ಎಸ್.ಎಸ್.ಡಿ. ಅನ್ನುವ ಹೊಸ ಬಗೆಯ ಡಿಸ್ಕು ಬಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಅದರಲ್ಲಿ ಸುತ್ತುವ ತಟ್ಟೆಯಿಲ್ಲ, ಮುಳ್ಳಿಲ್ಲ, ಸದ್ದಿಲ್ಲ. ಬೆಂಕಿಪೊಟ್ಟಣದಷ್ಟು ಹಗುರ. ಕಿವಿಗಿಟ್ಟು ನೋಡಿ, ಅಲ್ಲಾಡಿಸಿ ನೋಡಿ, ಇದು ಖಾಲಿ ಡಬ್ಬ ಕಣಮ್ಮ, ನಿನಗೆ ಯಾರೋ ಟೋಪಿ ಹಾಕಿದ್ದಾರೆ ಅಂದರು.

ನಾವು ಮೊದಲು ಅದನ್ನು ಹಾಕಿದ್ದು ತೆರಕಣಾಂಬಿ ಕಡೆಯ ಒಬ್ಬ ಮೇಷ್ಟರ ಲ್ಯಾಪ್‌ಟಾಪಿಗೆ. ಆರು ವರ್ಷದ ಮೆಷಿನ್ನು. ಅದರ ಬಟನ್ ಒತ್ತಿ, ಚಪ್ಪಲಿ ಮೆಟ್ಟಿಕೊಂಡು ಟೀಗೆ ಹೋಗಿ ಬಂದರೆ ಆಗ ಅದು ಎದ್ದಿರುತ್ತಿತ್ತಂತೆ. ಅದೇ ಅಭ್ಯಾಸ. ನಾನು ಹೊಸ ಡಿಸ್ಕ್ ಹಾಕಿ ಕೊಟ್ಟೆ. ಅವರು ಅಂಗಡಿಯಲ್ಲೇ ಬಟನ್ ಒತ್ತಿದವರು, ಎಷ್ಟು ಕೂಗಿದರೂ ತಿರುಗಿ ನೋಡದೆ ಟೀಗೆ ಹೋದರು. ಮೆಷಿನ್ನು ಹತ್ತೇ ಸೆಕೆಂಡಿಗೆ ಎದ್ದು ಕೂತಿತು. ಇವರು ಇಪ್ಪತ್ತು ನಿಮಿಷ ಬಿಟ್ಟು ಬರುವಷ್ಟರಲ್ಲಿ ಕಾದು ಕಾದು ತಾನೇ ಮಲಗಿ, ಪರದೆ ಕಪ್ಪಾಗಿತ್ತು. ಅಯ್ಯೋ, ಇದ್ದ ಜೀವವನ್ನೂ ತೆಗೆದುಬಿಟ್ಟಿರಲ್ಲ ಮೇಡಂ ಅಂತ ಬೀದಿಗೆ ಕೇಳುವ ಹಾಗೆ ಶುರುಮಾಡಿದರು. ನಾನು ಸುಮ್ಮನೆ ಒಂದು ಕೀ ಒತ್ತಿದೆ. ಪರದೆ ಬೆಳಗಿತು. ಮೇಷ್ಟರು ಕುರ್ಚಿಯಲ್ಲಿ ಕೂತು, ಇನ್ಮೇಲೆ ನಾನು ಟೀ ಯಾವಾಗ ಕುಡೀಲಿ ಅಂದರು. ಗುರುಸಿದ್ದಪ್ಪನವರು ಅವತ್ತಿನಿಂದ ಎಸ್.ಎಸ್.ಡಿ.ಯನ್ನು ಖಾಲಿ ಡಬ್ಬ ಅನ್ನುವುದನ್ನು ಬಿಟ್ಟರು.

ಆಮೇಲಿನ ಏಳೆಂಟು ವರ್ಷ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಎಸೆಯಲು ತಂದ ಲ್ಯಾಪ್‌ಟಾಪುಗಳು. ಡಿಸ್ಕ್ ಬದಲಿಸಿ, ಧೂಳು ತೆಗೆದು, ಮುಚ್ಚಳ ಹಾಕಿ ಕೊಟ್ಟರೆ ಗಿರಾಕಿಯ ಮುಖ ನೋಡಬೇಕು. ನಿಮಗೆ ಹೇಳುತ್ತೇನೆ ಮಕ್ಕಳೇ, ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಖುಷಿ ನನಗೆ ಸಿಕ್ಕಿಲ್ಲ. ಹೊಸದು ಕೊಳ್ಳಲಾಗದವರ ಮನೆಯಲ್ಲಿ ಹಳೆಯದೇ ಹೊಸದಾಗುತ್ತದೆ.

ಕೆಲಸದ ರೀತಿ ಸರಳ. ಹಳೆಯ ಡಿಸ್ಕಿನಲ್ಲಿ ಇರುವುದನ್ನೆಲ್ಲ ಹಾಗೆಹಾಗೇ ಹೊಸದಕ್ಕೆ ನಕಲು ಮಾಡಬೇಕು. ಕ್ಲೋನ್ ಅನ್ನುತ್ತೇವೆ. ಆದರೆ ಜನರಿಗೆ ಕೈಗೆಟಕುವ ಎಸ್.ಎಸ್.ಡಿ.ಯಲ್ಲಿ ಹಳೆಯದರ ಅರ್ಧದಷ್ಟೇ ಜಾಗ. ಆದ್ದರಿಂದ ಮೊದಲು ಬೇಡದ್ದನ್ನು ತೆಗೆಯಬೇಕು. ಯಾವ ರಿಪೇರಿಯವರಾದರೂ ಮೊದಲು ಕೈಹಾಕುವುದು ರೀಸೈಕಲ್ ಬಿನ್ನಿಗೆ, ಅಂದರೆ ಪರದೆಯ ಮೇಲಿನ ಆ ಕಸದ ಬುಟ್ಟಿಗೆ. ಅಳಿಸಿದ್ದೆಲ್ಲ ಅಲ್ಲಿ ಬಿದ್ದಿರುತ್ತದೆ. ಅದನ್ನು ಖಾಲಿ ಮಾಡಲು ನಾವು ಯಾರನ್ನೂ ಕೇಳುವುದಿಲ್ಲ. ಕಸವನ್ನು ಎಸೆಯಲೇ ಅಂತ ಯಾರಾದರೂ ಕೇಳುತ್ತಾರೆಯೇ?

ಬೇರೆ ಎಲ್ಲವನ್ನೂ ನಾನು ಕೇಳುತ್ತಿದ್ದೆ. ಅದಕ್ಕೊಂದು ಕಾರಣವಿತ್ತು. ಸೇರಿದ ಹೊಸದರಲ್ಲಿ ಒಬ್ಬರು ಏನೂ ಇಲ್ಲ, ಎಲ್ಲ ತೆಗೆದುಬಿಡಿ ಅಂದರೆಂದು ಅವರ ಮೆಷಿನ್ನನ್ನು ಪೂರ್ತಿ ಅಳಿಸಿದ್ದೆ. ಅವರ ತೀರಿಹೋದ ತಾಯಿಯ ಫೋಟೋಗಳು ಅದರಲ್ಲಿದ್ದವು. ಗುರುಸಿದ್ದಪ್ಪನವರು ನನ್ನನ್ನು ಬೈಯಲಿಲ್ಲ. ಆ ಗಿರಾಕಿಯ ಮುಂದೆ ಕೂರಿಸಿ, ನೀನೇ ಹೇಳು ಅಂದರು. ಅವತ್ತು ಹೇಳಿದ ಮೇಲೆ ಒಂದು ಪುಸ್ತಕ ಇಟ್ಟೆ. ಮೆಷಿನ್ನು ತಂದ ಪ್ರತಿಯೊಬ್ಬರನ್ನೂ, ಹೋದರೆ ಅಳುವಂಥದ್ದು ಇದರಲ್ಲಿ ಏನಿದೆ ಅಂತ ಕೇಳಿ ಬರೆದುಕೊಳ್ಳುತ್ತಿದ್ದೆ. ಎರಡನೆಯ ನಿಯಮ ಯಜಮಾನರದು: ಹಳೆಯ ಡಿಸ್ಕು ಹೆಸರು ಬರೆಸಿಕೊಂಡು ಒಂದು ತಿಂಗಳು ನಮ್ಮ ಬೀರುವಿನಲ್ಲೇ ಇರಬೇಕು. ಈ ಎರಡು ನಿಯಮದ ಮೇಲೆ ನನಗೆ ಬಹಳ ಜಂಬವಿತ್ತು.

ಆ ಜಂಬ ಇಳಿಸಿದವಳು ಮಂಗಳ.

ಉಮ್ಮತ್ತೂರಿನವಳು, ನಲವತ್ತರ ಹತ್ತಿರದ ವಯಸ್ಸು, ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಮೈದುನನ ಜೊತೆ ಬಂದಳು. ಅವನ ಹೆಸರು ಮಹದೇವ. ಗುಂಡ್ಲುಪೇಟೆಯ ಮಾರ್ಕೆಟ್ಟಿನಿಂದ ಕೇರಳಕ್ಕೆ ತರಕಾರಿ ಹೊಡೆಯುವ ಪಿಕಪ್ ಗಾಡಿಯ ಡ್ರೈವರು. ಅವರು ತಂದ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಮಾತೆಲ್ಲ ಮಹದೇವನದೇ: ಫಿಲಂ ನಿಂತು ನಿಂತು ಓಡುತ್ತದೆ, ಸ್ಪೀಡ್ ಮಾಡಿಕೊಡಿ. ನಾನು ಎಸ್.ಎಸ್.ಡಿ. ಹಾಕಿದರೆ ಸರಿಹೋಗುತ್ತದೆ ಅಂದೆ. ಪುಸ್ತಕ ತೆಗೆದು ಎಂದಿನಂತೆ ಮಂಗಳಳನ್ನೂ ಕೇಳಿದೆ, ಇದರಲ್ಲಿ ನಿಮ್ಮದು ಏನಾದರೂ ಇದೆಯಾ?

ಅವಳು ಒಂದು ಸಲ ಮೈದುನನ ಕಡೆ ನೋಡಿದಳು. ಏನಿಲ್ಲ ಮೇಡಂ, ಎಲ್ಲ ಇವರ ಫಿಲಂಗಳೇ ಅಂದಳು. ನಾನು ‘ಏನಿಲ್ಲ’ ಅಂತ ಬರೆದುಕೊಂಡೆ. ಆ ನೋಟವನ್ನು ನಾನು ನೋಡಿದ್ದೆ. ನೋಡಿಯೂ ಅರ್ಥ ಮಾಡಿಕೊಳ್ಳಲಿಲ್ಲ.

ಅವತ್ತು ನನಗೆ ನೆಂಟರ ಮನೆಯ ಸೀಮಂತಕ್ಕೆ ಹೋಗುವ ಅವಸರ ಬೇರೆ. ಕಸದ ಬುಟ್ಟಿ ಖಾಲಿ ಮಾಡಿದೆ, ಕ್ಲೋನ್ ಮಾಡಿದೆ, ಹೊಸ ಡಿಸ್ಕ್ ಕೂರಿಸಿದೆ. ಮಹದೇವ ಹಳೆಯ ಡಿಸ್ಕನ್ನು ನೋಡಿ, ಇದನ್ನು ಒಂದು ಡಬ್ಬಿಗೆ ಹಾಕಿಕೊಡಿ ಮೇಡಂ, ಗುಂಡ್ಲುಪೇಟೆಯಲ್ಲಿ ಫ್ರೆಂಡ್ ಒಬ್ಬನ ಮೊಬೈಲ್ ಅಂಗಡಿ ಇದೆ, ಫಿಲಂ ತುಂಬಿಸಿಕೊಳ್ಳುತ್ತೇನೆ ಅಂದ. ಒಂದು ತಿಂಗಳು ಬಿಟ್ಟು ಬನ್ನಿ ಅನ್ನಬೇಕಿತ್ತು. ಏನಿಲ್ಲ ಅಂದಿದ್ದಾರಲ್ಲ ಅಂದುಕೊಂಡು ಅದನ್ನೂ ಅಳಿಸಿ, ಯು.ಎಸ್.ಬಿ. ಡಬ್ಬಿಗೆ ಹಾಕಿ ಕೊಟ್ಟುಬಿಟ್ಟೆ. ಒಂದು ನಿಯಮವನ್ನು ಹೆಸರಿಗೆ ಮಾತ್ರ ಪಾಲಿಸಿದೆ, ಇನ್ನೊಂದನ್ನು ಮುರಿದೆ, ಅದೂ ಒಂದೇ ಮಧ್ಯಾಹ್ನ.

ಮರುದಿನ ಅಂಗಡಿಯ ಬಾಗಿಲು ತೆಗೆಯುವಾಗ ಮಂಗಳ ಮೆಟ್ಟಿಲ ಮೇಲೆ ಕೂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು. ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದಳು. ಓಡುತ್ತಿಲ್ಲವಾ ಅಂದೆ. ಚೆನ್ನಾಗಿ ಓಡುತ್ತದೆ ಅಂತ ತಲೆಯಾಡಿಸಿದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು:

“ಕಸದ ಬುಟ್ಟಿಲಿ ಮಡ್ಗಿದ್ದೆ ಮೇಡಂ. ನೀವು ಅದ್ನೂ ಗುಡಿಸ್ಬುಟ್ಟಿದ್ದೀರಿ.”

ಒಳಗೆ ಕೂರಿಸಿ ನೀರು ಕೊಟ್ಟು ಕೇಳಿದೆ. ಅವಳು ದೂರಶಿಕ್ಷಣದಲ್ಲಿ ಎಂ.ಎ. ಓದುತ್ತಿದ್ದಳು. ಮನೆಯಲ್ಲಿ ಗಂಡನಿಗೆ ಮಾತ್ರ ಗೊತ್ತು. ಅವನು ಮೈಸೂರಿನಲ್ಲಿ ಗಾರೆ ಕೆಲಸ, ವಾರಕ್ಕೊಮ್ಮೆ ಬರುವವನು. ಹಿಂದೆ ಬಿ.ಎ. ಕಟ್ಟಿ ಒಂದು ಪೇಪರಿನಲ್ಲಿ ಫೇಲಾದಾಗ, ಆಮೇಲೆ ಅದನ್ನು ಮತ್ತೆ ಕಟ್ಟಿ ಪಾಸಾದರೂ, ಮೈದುನ, ಅತ್ತೆ ಸೇರಿ ವರ್ಷಗಟ್ಟಲೆ ಆಡಿಕೊಂಡು ನಕ್ಕಿದ್ದರಂತೆ. ಈ ಸಲ ಪಾಸಾದ ಮೇಲೆಯೇ ಬಾಯಿ ಬಿಡುವುದು ಅಂತ ಹಠ ತೊಟ್ಟಿದ್ದಳು. ಹಾಲ್ ಟಿಕೆಟ್ಟನ್ನು ರಾಗಿ ಡ್ರಮ್ಮಿನೊಳಗೆ ಹೂತಿಡುತ್ತಿದ್ದಳು. ಕೊನೆಗೆ ಉಳಿದದ್ದು ಒಂದು ಕಿರುಪ್ರಬಂಧ. ಅರಿಶಿನ ಬೇಯಿಸುವ ಕೂಲಿ ಹೆಂಗಸರ ಮೇಲೆ ಆರು ಅಧ್ಯಾಯ. ಅದನ್ನು ಒಪ್ಪಿಸಲು ಹತ್ತು ದಿನ ಬಾಕಿ.

ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಾದಾಗಲೆಲ್ಲ ಮಹದೇವ ಕಂಡಿದ್ದನ್ನೆಲ್ಲ ಅಳಿಸುತ್ತಿದ್ದ. ಕಸದ ಬುಟ್ಟಿಯೊಳಗೆ ಮಾತ್ರ ಅವನು ಇಣುಕಿದವನಲ್ಲ. ಅದಕ್ಕೇ ಇವಳು ಶಾಲೆಯ ಪಾತ್ರೆ ತೊಳೆದು ಬಂದು, ಮನೆಯವರೆಲ್ಲ ಹೊಲದಲ್ಲಿರುವಾಗ, ಬುಟ್ಟಿಯಿಂದ ತನ್ನ ಫೋಲ್ಡರನ್ನು ಎಬ್ಬಿಸುವುದು, ಒಂದೆರಡು ಪುಟ ಬರೆಯುವುದು, ಮತ್ತೆ ಬುಟ್ಟಿಗೇ ಹಾಕುವುದು. ಎರಡು ವರ್ಷ ಹೀಗೇ ನಡೆಸಿದ್ದಳು. ಇಪ್ಪತ್ತಾರು ವರ್ಷದಲ್ಲಿ ಎಂಥೆಂಥ ಇಂಜಿನಿಯರುಗಳು ಫೈಲು ಬಚ್ಚಿಡುವುದನ್ನು ನೋಡಿದ್ದೇನೆ. ಇದಕ್ಕಿಂತ ಭದ್ರವಾದ ಜಾಗ ಯಾರಿಗೂ ಹೊಳೆದಿರಲಿಲ್ಲ. ನನ್ನಂಥವಳೊಬ್ಬಳ ಕೈಗೆ ಸಿಗುವವರೆಗೆ ಭದ್ರ.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ಹೊಸ ಎಸ್.ಎಸ್.ಡಿ.ಯಲ್ಲಿ ಅಳಿಸಿದರೆ ಸ್ವಲ್ಪ ಹೊತ್ತಿಗೇ ಅದು ಜಾಗ ತೊಳೆದುಬಿಡುತ್ತದೆ, ಮತ್ತೆ ಸಿಗುವುದು ಕಷ್ಟ. ಸುತ್ತುವ ತಟ್ಟೆಯ ಹಳೆಯ ಡಿಸ್ಕು ಹಾಗಲ್ಲ. ಅಳಿಸುವುದೆಂದರೆ ಮನೆಯ ಬಾಗಿಲಿನ ನಂಬರು ಒರೆಸಿದಷ್ಟೇ. ಇನ್ನೊಬ್ಬರು ಬಂದು ಆ ಮನೆಯಲ್ಲಿ ಕೂರುವವರೆಗೆ ಒಳಗಿನ ಸಾಮಾನು ಅಲ್ಲೇ ಇರುತ್ತದೆ. ಮಂಗಳಳ ಆರು ಅಧ್ಯಾಯ ಆ ಹಳೆಯ ಡಿಸ್ಕಿನಲ್ಲಿ ಇನ್ನೂ ಇರಬಹುದಿತ್ತು. ಆದರೆ ಡಿಸ್ಕು ಮಹದೇವನ ಜೇಬಿನಲ್ಲಿ. ಅವನು ನಸುಕಿನಲ್ಲೇ ಗುಂಡ್ಲುಪೇಟೆಗೆ ಹೊರಟಿದ್ದ. ಅವನು ಫಿಲಂ ತುಂಬಿಸಿಕೊಂಡರೆ ಅಲ್ಲಿಗೆ ಮುಗಿಯಿತು.

ಅವನ ನಂಬರು ಕೊಡು ಅಂದೆ. ಮಂಗಳ ಕೊಡಲು ಹಿಂಜರಿದಳು. ಏನಂತ ಹೇಳುವುದು ಮೇಡಂ ಅಂದಳು. ಡಿಸ್ಕಿನಲ್ಲಿ ದೋಷವಿದೆ, ಎಲ್ಲಿಗೂ ಚುಚ್ಚಬೇಡ, ಸುಟ್ಟುಹೋಗುತ್ತೆ ಅಂತ ನಾನೇ ಹೇಳುತ್ತೇನೆ, ನಿನ್ನ ಹೆಸರೇ ಬರುವುದಿಲ್ಲ ಅಂತ ಮಾತುಕೊಟ್ಟೆ. ಆರು ಸಲ ಮಾಡಿದೆ. ಫೋನು ರಿಂಗಾಯಿತು, ಅವನು ಎತ್ತಲಿಲ್ಲ. ಗುರುಸಿದ್ದಪ್ಪನವರು ಎಲ್ಲ ಕೇಳಿಸಿಕೊಂಡು, ನನ್ನ ಬ್ಯಾಗನ್ನು ಮೊಳೆಯಿಂದ ತೆಗೆದು ಕೈಗೆ ಕೊಟ್ಟು, ಗುಂಡ್ಲುಪೇಟೆ ಬಸ್ಸು ಇನ್ನು ಐದು ನಿಮಿಷಕ್ಕೆ ಬಿಡುತ್ತೆ ಹೋಗು ಅಂದರು.

ಆ ದಾರಿ ಅಷ್ಟು ಉದ್ದ ಅಂತ ನನಗೆ ಅವತ್ತೇ ಗೊತ್ತಾದದ್ದು. ಪ್ರತಿ ಸ್ಟಾಪಿನಲ್ಲೂ ಒಬ್ಬರು ಕೋಳಿ, ಮೂಟೆ, ಮಗು ಎಲ್ಲ ಹತ್ತಿಸುವರು. ನಾನು ಮಂಗಳಳ ಮುಖ ನೋಡಲಾರದೆ ಕಿಟಕಿ ನೋಡುತ್ತಿದ್ದೆ. ನನ್ನ ತಪ್ಪು ಕಣಮ್ಮ ಅಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಅರಿಶಿನ ಬೇಯಿಸುವ ಹೆಂಗಸರನ್ನು ಹುಡುಕಿಕೊಂಡು ಹರವೆಯವರೆಗೆ ಹೋಗಿದ್ದೆ, ಊರಲ್ಲಿ ಕೇಳಿದರೆ ಅತ್ತೆಯ ಕಿವಿಗೆ ಬೀಳುತ್ತಿತ್ತಲ್ಲ ಅಂತ ತಾನಾಗಿಯೇ ಹೇಳತೊಡಗಿದಳು. ಅವರು ಕೊಪ್ಪರಿಗೆಯ ಮುಂದೆ ನಿಂತು ಹೇಳಿದ್ದನ್ನೆಲ್ಲ ಐದನೆಯ ಅಧ್ಯಾಯದಲ್ಲಿ ಬರೆದಿದ್ದಳಂತೆ. ಹೇಳುವಾಗ ಅವಳ ಮುಖ ಎಷ್ಟು ಬೆಳಗಿತೆಂದರೆ ನನಗೆ ಇನ್ನೂ ಸಂಕಟವಾಯಿತು.

ಗುಂಡ್ಲುಪೇಟೆಯಲ್ಲಿ ಇಳಿದು ಓಡಿದೆವು. ಮಾರ್ಕೆಟ್ಟಿನ ಪಕ್ಕ ಒಬ್ಬ ಮಲಯಾಳಿಯ ಬೇಕರಿ, ಅದಕ್ಕಂಟಿ ಮೊಬೈಲ್ ಅಂಗಡಿ. ಮಹದೇವ ಬೇಕರಿಯ ಮುಂದೆ ಪಳಂಪೊರಿ ಅನ್ನುವ ಬಾಳೆಹಣ್ಣಿನ ಬಜ್ಜಿ ತಿನ್ನುತ್ತ ಯಾರ ಜೊತೆಗೋ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಟೊಮೇಟೊ ದರ ಮಾತಾಡುತ್ತಿದ್ದ. ನಾನು ಅವನನ್ನು ದಾಟಿ ಸೀದಾ ಅಂಗಡಿಯೊಳಗೆ ನುಗ್ಗಿದೆ. ಡಿಸ್ಕು ಚುಚ್ಚಿತ್ತು. ಪರದೆಯ ಮೇಲೆ ಹಸಿರು ಗೆರೆ ತುಂಬುತ್ತಿತ್ತು. ಚಾಲು ಇರುವ ಡಿಸ್ಕಿನ ವೈರನ್ನು ಕೀಳಬಾರದು ಅಂತ ನಾನು ಸಾವಿರ ಜನರಿಗೆ ಹೇಳಿದ್ದೇನೆ. ಅವತ್ತು ಕಿತ್ತೆ.

ಅಂಗಡಿಯವನು ಏನ್ ಮೇಡಂ ಇದು ಅಂತ ಎದ್ದ. ಮಹದೇವ ಎಣ್ಣೆ ಕೈಯಲ್ಲೇ ಒಳಗೆ ಬಂದ. ನಾನು ಬಸ್ಸಿನಲ್ಲಿ ಕಟ್ಟಿಕೊಂಡ ಸುಳ್ಳನ್ನು ಶುರುಮಾಡಿದೆ, ಈ ಡಿಸ್ಕಿನಲ್ಲಿ ಒಂದು ದೋಷ ಇದೆಯಪ್ಪಾ ಅಂತ. ಮಂಗಳ ನನ್ನ ಕೈ ಹಿಡಿದು ನಿಲ್ಲಿಸಿದಳು.

“ದೋಸ ಗೀಸ ಏನಿಲ್ಲ ಮಾದೇವ. ನಾನು ಎಂ.ಎ. ಓದ್ತಿವ್ನಿ. ಎರಡೊರ್ಸದಿಂದ ಬರ್ದಿದ್ದೆಲ್ಲ ಅದ್ರೊಳ್ಗದೆ.”

ಅವನು ಅವಳನ್ನೂ ನನ್ನನ್ನೂ ನೋಡಿದ. ಎಲ್ಲಿಟ್ಟಿದ್ರಿ, ನಾನು ನೋಡೇ ಇಲ್ವಲ್ಲ ಅಂತ ಕೇಳಿದ. ಅವಳು ಹೇಳಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೈಯಲ್ಲಿದ್ದ ಪಳಂಪೊರಿಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತ.

“ನಾನು ಅಳಿಸ್ಬುಡ್ತೀನಿ ಅಂತ ಕಸದ ಬುಟ್ಟಿಗ್ ಆಕಿದ್ರಾ ಅತ್ಗೆ?”

ಅವಳು ಹೂಂ ಅಂದಳು. ಮಹದೇವ ಗಾಡಿಯನ್ನು ಜೊತೆಗಾರನಿಗೆ ಒಪ್ಪಿಸಿ, ನಮ್ಮ ಜೊತೆಗೇ ಬಸ್ಸು ಹತ್ತಿದ. ಚಾಮರಾಜನಗರದವರೆಗೆ ಡಿಸ್ಕನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದು ಕೂತಿದ್ದ. ನನಗೆ ಆಗಲೇ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಒಂದೂವರೆ ಫಿಲಂ ಒಳಗೆ ಹೋಗಿತ್ತು. ಅದು ಯಾರ ಮನೆಯಲ್ಲಿ ಹೋಗಿ ಕೂತಿದೆ ಅನ್ನುವುದು ಹುಡುಕಿ ನೋಡಿದ ಮೇಲೆಯೇ ಗೊತ್ತಾಗುವುದು. ಗುರುಸಿದ್ದಪ್ಪನವರು ಡಿಸ್ಕನ್ನು ಕಿವಿಗಿಟ್ಟುಕೊಂಡು, ಸದ್ದು ಸರಿಯಾಗಿದೆ, ಶುರುಮಾಡು ಅಂದರು. ಕಳೆದದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿ ಕೂತೆವು. ಐದು ಗಂಟೆ ಹಿಡಿಯಿತು. ಮಂಗಳ ಕುರ್ಚಿ ಬಿಟ್ಟು ಏಳಲಿಲ್ಲ. ಮಹದೇವ ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡಿ ನಮ್ಮ ಬಾಗಿಲ ಮುಂದಿನ ಕಸವನ್ನೆಲ್ಲ ಚಪ್ಪಲಿಯಿಂದ ಪಕ್ಕಕ್ಕೆ ತಳ್ಳಿ ಮುಗಿಸಿದ.

ಹೆಸರುಗಳು ಒಂದೊಂದಾಗಿ ಬರತೊಡಗಿದವು. ಒಂದನೆಯ ಅಧ್ಯಾಯ ತೆರೆಯಿತು. ಅಕ್ಷರಕ್ಕೆ ಅಕ್ಷರ ಸರಿ. ಎರಡು, ಮೂರು, ನಾಲ್ಕು ಸರಿ. ಆರನೆಯದೂ ಸರಿ. ಐದನೆಯದನ್ನು ತೆರೆದರೆ ಪುಟದ ತುಂಬ ಚೌಕಗಳು, ಪ್ರಶ್ನೆ ಚಿಹ್ನೆಗಳು. ಅದರ ಮೇಲೇ ಫಿಲಂ ಕೂತಿತ್ತು. ನನಗೆ ಗೊತ್ತಿದ್ದ ದಾರಿಗಳನ್ನೆಲ್ಲ ಪ್ರಯತ್ನಿಸಿದೆ. ಆಗಲಿಲ್ಲ. ಹರವೆಯ ಹೆಂಗಸರು ಆಡಿದ ಮಾತೆಲ್ಲ ಹೋಗಿತ್ತು. ಕೇಳಿದ ದಿನವೇ ನೇರ ಲ್ಯಾಪ್‌ಟಾಪಿಗೆ ಬರೆದಿದ್ದರಿಂದ ಬೇರೆ ಕಾಗದವೂ ಇರಲಿಲ್ಲ, ಬಚ್ಚಿಡಬೇಕಾದವಳು ಎಷ್ಟು ಕಡೆ ಬಚ್ಚಿಟ್ಟಾಳು.

ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಮಂಗಳ ಅಳಲಿಲ್ಲ. ಬೆರಳೆಣಿಸಿ, ಇವತ್ತು ಬಿಟ್ಟು ಇನ್ನೂ ಒಂಬತ್ತು ದಿನ ಇದೆ ಮೇಡಂ ಅಂದಳು. ಉಳಿದ ಐದು ಅಧ್ಯಾಯವನ್ನು ಮೂರು ಕಡೆ ನಕಲು ಮಾಡಿ ಕೊಟ್ಟೆ. ಒಂದು ಪ್ರತಿ ನಮ್ಮ ಬೀರುವಿನಲ್ಲಿ ಹೆಸರು ಬರೆದು ಇಟ್ಟೆ.

ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಪ್ರಿಂಟ್ ಹಾಕಿಸಲು ಬಂದವಳನ್ನು ನೋಡಿದರೆ ಕಣ್ಣ ಕೆಳಗೆ ಕಪ್ಪು, ಆದರೆ ನಗು. ಏನಾಯಿತೆಂದು ಕೇಳಿದೆ. ಅವತ್ತು ಮನೆಗೆ ಹೋದ ಕೂಡಲೇ ಮಹದೇವನೇ ತಾಯಿಯ ಮುಂದೆ ಎಲ್ಲ ಒಪ್ಪಿಸಿದನಂತೆ. ಅತ್ತೆ ಪುಟ್ಟಮಾದಮ್ಮ ರಾಗಿ ಬೀಸುತ್ತಿದ್ದವರು ನಿಲ್ಲಿಸಿ, ಬರೆದದ್ದು ಯಾವುದರ ಮೇಲೆ ಅಂತ ಕೇಳಿದರಂತೆ. ಅರಿಶಿನ ಬೇಯಿಸುವವರ ಮೇಲೆ ಅಂದದ್ದೇ ತಡ, ರೇಗಿದರು. ಮಂಗಳ ಅತ್ತೆಯ ಧ್ವನಿಯಲ್ಲೇ ನನಗೆ ಹೇಳಿ ತೋರಿಸಿದಳು:

“ಅರವೆ ತಂಕ ಓಗಿ ಊರೋರ್ನೆಲ್ಲ ಕೇಳ್ಬುಟ್ಟು ಬಂದವ್ಳೆ. ನಲವತ್ತೊರ್ಸ ಕೊಪ್ಪರ್ಗೆ ಮುಂದೆ ನಿಂತು ಬೆಂದಿವ್ನಿ ನಾನು. ನನ್ನ ಒಂದ್ ಮಾತ ಕೇಳ್ನಿಲ್ವಲ್ಲ.”

ಅವತ್ತು ರಾತ್ರಿಯಿಂದಲೇ ಒಲೆಯ ಮುಂದೆ ಅತ್ತೆ ಹೇಳುತ್ತ ಹೋದರು, ಸೊಸೆ ಬರೆಯುತ್ತ ಹೋದಳು. ಗೆಡ್ಡೆ ಬೆಂದಿದೆ ಅಂತ ನೊರೆಯಲ್ಲಿ ಹೇಗೆ ತಿಳಿಯುವುದು, ಕಡ್ಡಿ ಚುಚ್ಚಿದರೆ ಹೇಗೆ ಇಳಿಯಬೇಕು, ಹಬೆಯಲ್ಲಿ ನಿಂತು ನಿಂತು ಕಣ್ಣಿಗೆ ಏನಾಗುತ್ತದೆ, ಬಸುರಿ ಹೆಂಗಸರಿಗೆ ಯಾರೂ ಕೂರಲು ಹೇಳದಿದ್ದಾಗ ಅವರವರೇ ಹೇಗೆ ಸರದಿ ಹಂಚಿಕೊಳ್ಳುತ್ತಿದ್ದರು. ಮಧ್ಯೆ ಒಂದು ದಿನ ಮಹದೇವ ಬಾಡಿಗೆ ಬಿಟ್ಟು, ಅತ್ತಿಗೆಯನ್ನೂ ತಾಯಿಯನ್ನೂ ಪಿಕಪ್ಪಿನಲ್ಲಿ ಕೂರಿಸಿಕೊಂಡು ಹರವೆಗೆ ಹೋಗಿ, ಅದೇ ಹೆಂಗಸರನ್ನು ಮತ್ತೆ ಮಾತಾಡಿಸಿಕೊಂಡು ಬಂದನಂತೆ. ಅತ್ತೆಯನ್ನು ಕಂಡ ಮೇಲೆ ಆ ಹೆಂಗಸರು ಮೊದಲ ಸಲ ಹೇಳದೇ ಇದ್ದದ್ದನ್ನೆಲ್ಲ ಹೇಳಿದರಂತೆ. ಮೊದಲು ಹದಿನಾಲ್ಕು ಪುಟವಿದ್ದ ಐದನೆಯ ಅಧ್ಯಾಯ ಈಗ ಮೂವತ್ತೊಂದು ಪುಟವಾಗಿತ್ತು.

ಕಿರುಪ್ರಬಂಧವನ್ನು ಗಡುವಿಗೆ ಎರಡು ದಿನ ಮೊದಲೇ ಒಪ್ಪಿಸಿದಳು.

ಮಕ್ಕಳೇ, ಇದರಿಂದ ನಾನು ಬದಲಿಸಿಕೊಂಡದ್ದು ಇಷ್ಟು. ಏನಿದೆ ಅಂತ ಕೇಳುವಾಗ ಮೆಷಿನ್ನಿನ ಪಕ್ಕ ಎಷ್ಟು ಜನ ನಿಂತಿದ್ದಾರೆ ನೋಡಿ. ಬಾಗಿಲವರೆಗೆ ಕಳಿಸಿಕೊಡುವ ನೆಪದಲ್ಲಿ ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಿ, ಹೆಣ್ಣುಮಕ್ಕಳನ್ನಂತೂ ಖಂಡಿತ ಕೇಳಿ. ಹಳೆಯ ಡಿಸ್ಕನ್ನು ಯಾರು ಬೇಡಿದರೂ ತಿಂಗಳು ತುಂಬುವ ಮೊದಲು ಕೊಡಬೇಡಿ. ಕಸದ ಬುಟ್ಟಿಯನ್ನು ತೆರೆದು ನೋಡದೆ ಖಾಲಿ ಮಾಡಬೇಡಿ. ಹೊಸ ಹೊಸ ಡಿಸ್ಕುಗಳು ಬರುತ್ತವೆ, ಇನ್ನೂ ಜೋರಾಗಿ ಓಡುತ್ತವೆ, ನೀವು ನನಗಿಂತ ಚೆನ್ನಾಗಿ ಕಲಿಯುತ್ತೀರಿ. ರಿಪೇರಿ ಮಾಡೋರು ಎಲ್ಲಿ ಅಂತ ನಿಮ್ಮನ್ನು ಇನ್ನು ಯಾರೂ ಕೇಳದಿರಲಿ. ಕೇಳಿದರೆ ನಕ್ಕು ಸ್ಕ್ರೂಡ್ರೈವರ್ ಎತ್ತಿಕೊಳ್ಳಿ.

ಮಂಗಳ ಪಾಸಾದಳು. ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಪುಟ್ಟಮಾದಮ್ಮನವರು ಒಬ್ಬರೇ ಅಂಗಡಿಗೆ ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಬೈಂಡ್ ಮಾಡಿಸಿದ ಪುಸ್ತಕವನ್ನು ಟವೆಲಿನ ಗಂಟಿನಿಂದ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಅವರಿಗೆ ಓದು ಬರುವುದಿಲ್ಲ. ನನ್ನ ಹೆಸರು ಎಲ್ಲಿದೆ ತೋರಿಸು ಅಂದರು. ಐದನೆಯ ಅಧ್ಯಾಯ ತೆಗೆದು ತೋರಿಸಿದೆ. ಒಂದು ಕಡೆಯಲ್ಲ, ಹನ್ನೊಂದು ಕಡೆ ಇತ್ತು. ಹನ್ನೊಂದನ್ನೂ ನನ್ನಿಂದ ತೋರಿಸಿಕೊಂಡರು. ಪ್ರತಿ ಸಲವೂ ತೋರುಬೆರಳನ್ನು ಹೆಸರಿನ ಮೇಲಿಟ್ಟು ನೋಡುವರು. ಬೆರಳ ತುದಿ ಹಳದಿಗಟ್ಟಿತ್ತು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಹಳದಿ.

ಆಮೇಲೆ ಪುಸ್ತಕ ಮುಚ್ಚಿ, ಮೊದಲು ಬರೆದಿದ್ದನ್ನು ಅಳಿಸಿದವಳು ನೀನೇನಾ ಅಂತ ಕೇಳಿದರು. ನಾನು ತಲೆ ತಗ್ಗಿಸಿ ಹೌದು ಅಂದೆ.

“ಓಗ್ಲಿ ಬುಡು ಮಗಾ,” ಅಂದರು. “ಅದ್ರಲ್ಲಿ ನಾನಿರ್ನಿಲ್ಲ.”